ಓಡಿಸಿ ನೋಡದ ಉದಾಹರಣೆ

ಉಗಾದಿಗೆ ಊರಿಗೆ ಬಂದಿದ್ದೆ. ನಮ್ಮ ಕೋಡ್ಲಾದಲ್ಲಿ ಮಾರ್ಚಿಗೇ ಬಿಸಿಲು ತಲೆ ಸುಡುತ್ತದೆ. ಊಟವಾದ ಮೇಲೆ ಕಲ್ಲು ಹಾಸಿದ ನೆಲದ ಮೇಲೆ ಬರಿಮೈಯಲ್ಲಿ ಮಲಗುವುದೊಂದೇ ದಾರಿ. ಹಾಗೆ ಮಲಗಿದ್ದಾಗ ಫೋನು ಬಂತು. ನಮ್ಮ ವಿಭಾಗದಲ್ಲಿ ನನಗಿಂತ ಎರಡು ವರ್ಷ ಕಿರಿಯಳಾದ ಸಂಶೋಧನಾ ವಿದ್ಯಾರ್ಥಿನಿ.

"ಅಣ್ಣಾ, ನೀವು ಬರ್ದದ್ದು ಮೂರು ಅಂತ ಅದ. ನನಗ ನಾಕು ಬರ್ಲಕತ್ತದ. ನಾನೇ ಏನರ ತಪ್ಪ ಮಾಡೀನೇನ್ರಿ?"

ಅವಳು ಕೇಳುತ್ತಿದ್ದದ್ದು ನಾನು ಬರೆದ ಒಂದು ಸಣ್ಣ ಪ್ರೋಗ್ರಾಮಿನ ಬಗ್ಗೆ. ಹಳಗನ್ನಡ ಪದ್ಯ ಕೊಟ್ಟರೆ ಅಕ್ಷರ ಬಿಡಿಸಿ, ಲಘು ಗುರು ಗುರುತಿಸಿ, ಮಾತ್ರೆ ಎಣಿಸಿ ಹೇಳುವ ಪ್ರೋಗ್ರಾಮು. ಪಿಎಚ್‌ಡಿಯ ಮೊದಲ ವರ್ಷದಲ್ಲಿ ನನ್ನ ಅನುಕೂಲಕ್ಕೆಂದು ಪೈಥಾನ್‌ನಲ್ಲಿ ಬರೆದುಕೊಂಡಿದ್ದು. ಕಂಪ್ಯೂಟರ್ ಓದದ ಗೆಳೆಯರಿಗೂ ಉಪಯೋಗವಾಗಲಿ ಎಂದು ಅದಕ್ಕೊಂದು ಕೈಪಿಡಿಯನ್ನೂ ಬರೆದಿದ್ದೆ. ಕೈಪಿಡಿಯ ಮೊದಲ ಪುಟದಲ್ಲೇ ಎರಡು ಉದಾಹರಣೆ ಇದ್ದವು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಹಾಗಾಗಿ ಅವು ಹೀಗೆ ಕಾಣುತ್ತಿದ್ದವು:

>>> ಅಕ್ಷರಸಂಖ್ಯೆ("ಕನ್ನಡ")
3
>>> ಮಾತ್ರೆ("ಕನ್ನಡ")
4

ಮೂರು ಬಾಣದ ಗುರುತಿನ ಮುಂದೆ ಇರುವುದು ನೀವು ಯಂತ್ರಕ್ಕೆ ಕೇಳುವ ಪ್ರಶ್ನೆ. ಕೆಳಗಿರುವುದು ಯಂತ್ರ ಕೊಡುವ ಉತ್ತರ. ಕೊಡಬೇಕಾದ ಉತ್ತರ ಎನ್ನುವುದು ಹೆಚ್ಚು ಸರಿ. ಮೊದಲ ಉದಾಹರಣೆಯನ್ನು ಅವಳು ಇದ್ದ ಹಾಗೆಯೇ ಟೈಪು ಮಾಡಿದ್ದಳು. ಮೂರರ ಬದಲು ನಾಲ್ಕು ಬಂದಿತ್ತು.

ಉತ್ತರ ತಪ್ಪಿದ್ದಕ್ಕಿಂತ ಅವಳ ಮಾತಿನ ಕೊನೆಯ ಭಾಗ ನನ್ನನ್ನು ಹೆಚ್ಚು ಕಾಡಿತು. ಕೈಪಿಡಿ ಒಂದು ಹೇಳುತ್ತದೆ, ಯಂತ್ರ ಇನ್ನೊಂದು ಹೇಳುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು. ಅವಳು ಇಬ್ಬರನ್ನೂ ಬಿಟ್ಟು ಮೂರನೆಯವಳನ್ನು, ತನ್ನನ್ನೇ, ಅನುಮಾನಿಸಿದಳು. ಹಳ್ಳಿಯ ಸರಕಾರಿ ಶಾಲೆಯಿಂದ ಬಂದ ನಮ್ಮಂಥವರಿಗೆ ಈ ಅಭ್ಯಾಸ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಅಚ್ಚಾದದ್ದು ತಪ್ಪಿರಬಹುದು ಎಂಬ ಯೋಚನೆ ನಮಗೆ ಬಹಳ ತಡವಾಗಿ ಬರುತ್ತದೆ. ಗಣಿತದ ಗೈಡಿನ ಹಿಂದೆ ಕೊಟ್ಟ ಉತ್ತರ ತಾಳೆಯಾಗದಿದ್ದರೆ ರಾತ್ರಿಯಿಡೀ ಲೆಕ್ಕ ಬಿಡಿಸಿದ್ದೇವೆ, ಗೈಡಿನವನು ತಪ್ಪಿರಬಹುದು ಎಂದುಕೊಂಡಿಲ್ಲ.

ಆದದ್ದಿಷ್ಟು. ಮೊದಲು ನಾನೇ ಅಕ್ಷರ ಬಿಡಿಸುವ ನಿಯಮ ಬರೆದಿದ್ದೆ. ಒತ್ತಕ್ಷರವನ್ನು ಅದರ ಮೂಲಾಕ್ಷರದೊಂದಿಗೆ ಕೂಡಿಸಿಕೊಂಡೇ ಎಣಿಸುತ್ತಿತ್ತು, ಹಾಗಾಗಿ ಕ, ನ್ನ, ಡ ಎಂದು ಮೂರು. ಇಡೀ ಚಂಪೂಕಾವ್ಯವನ್ನು ಒಮ್ಮೆಗೇ ಹಾಕಿದಾಗ ಅದು ತೀರ ನಿಧಾನವಾಯಿತು. ಆಗ ನನ್ನ ನಿಯಮ ತೆಗೆದು, ಯಾರೋ ಬರೆದಿಟ್ಟ ಸಿದ್ಧ ಲೈಬ್ರರಿಯೊಂದನ್ನು ಜೋಡಿಸಿದೆ. ಅದು ಕ, ನ್, ನ, ಡ ಎಂದು ನಾಲ್ಕಾಗಿ ಬಿಡಿಸುತ್ತಿತ್ತು. ಪ್ರೋಗ್ರಾಮು ಬದಲಾಯಿತು, ಕೈಪಿಡಿ ಹಾಗೇ ಉಳಿಯಿತು. ಬರೆದ ದಿನ ನಿಜವಾಗಿದ್ದ ಮಾತು, ಯಾರೂ ಮುಟ್ಟದೆಯೇ, ಸುಳ್ಳಾಯಿತು.

ಸಾಹಿತ್ಯದವರಿಗೆ ಇದು ವಿಚಿತ್ರ ಅನ್ನಿಸಬಹುದು. ಕವಿತೆ ಬರೆದಿಟ್ಟರೆ ಅದು ಸುಳ್ಳಾಗುವುದಿಲ್ಲ. ಪ್ರೋಗ್ರಾಮಿನ ಕೈಪಿಡಿ ಹಾಗಲ್ಲ. ಅದು ಬದಲಾಗುತ್ತಲೇ ಇರುವ ವಸ್ತುವಿನ ವರ್ಣನೆ, ಬಸ್ ನಿಲ್ದಾಣದ ಗೋಡೆಗೆ ಬರೆದ ವೇಳಾಪಟ್ಟಿಯ ಹಾಗೆ. ಸೇಡಂ ಬಸ್ಸು ಈಗ ಆ ಹೊತ್ತಿಗೆ ಬರುವುದಿಲ್ಲ ಎಂದು ದಿನವೂ ಓಡಾಡುವವರಿಗೆ ಗೊತ್ತಿರುತ್ತದೆ. ಗೋಡೆ ಓದಿ ಕಾಯುವವರು ಹೊಸಬರು ಮಾತ್ರ.

ಇದೇ ತೊಂದರೆಗೆ ಟಿಮ್ ಪೀಟರ್ಸ್ ಎಂಬ ಪ್ರೋಗ್ರಾಮರ್ 1999ರಲ್ಲಿ ಒಂದು ಸರಳ ಉಪಾಯ ಮಾಡಿದ. ಡಾಕ್‌ಟೆಸ್ಟ್ ಎಂದು ಅದರ ಹೆಸರು. 2001ರಲ್ಲಿ ಬಂದ ಪೈಥಾನ್ 2.1ರಿಂದ ಅದು ಆ ಭಾಷೆಯ ಜೊತೆಗೇ ಸಿಗುತ್ತದೆ. ಅದು ಕೈಪಿಡಿಯ ಬರಹದಲ್ಲಿ ಆ ಮೂರು ಬಾಣದ ಗುರುತನ್ನು ಹುಡುಕುತ್ತದೆ. ಮುಂದಿರುವ ಆದೇಶವನ್ನು ನಿಜವಾಗಿಯೂ ಓಡಿಸುತ್ತದೆ. ಬಂದ ಉತ್ತರವನ್ನು ಕೆಳಗೆ ಬರೆದಿಟ್ಟ ಉತ್ತರದೊಂದಿಗೆ ಅಕ್ಷರಕ್ಕಕ್ಷರ ತಾಳೆ ನೋಡುತ್ತದೆ. ತಾಳೆಯಾದರೆ ಮೌನ. ಇಲ್ಲವಾದರೆ ನೀವು ಹೇಳಿದ್ದು ಇದು, ಬಂದದ್ದು ಇದು ಎಂದು ಎರಡನ್ನೂ ಒಂದರ ಕೆಳಗೊಂದು ಇಟ್ಟು ತೋರಿಸುತ್ತದೆ. ಅಷ್ಟೇ ಅದರ ಕೆಲಸ. ರಸ್ಟ್, ಎಲಿಕ್ಸಿರ್, ಗೋ ಮೊದಲಾದ ಭಾಷೆಗಳೂ ತಮ್ಮ ತಮ್ಮ ರೀತಿಯಲ್ಲಿ ಈ ಏರ್ಪಾಟು ಮಾಡಿಕೊಂಡಿವೆ.

ಇದನ್ನು ಬರೀ ತಾಂತ್ರಿಕ ಅನುಕೂಲ ಎಂದು ನಾನು ಬಹಳ ದಿನ ತಿಳಿದಿದ್ದೆ. ಅವಳ ಫೋನಿನ ನಂತರ ಹಾಗೆ ಅನ್ನಿಸುವುದಿಲ್ಲ.

ನ್ಯಾಯಸೂತ್ರದಲ್ಲಿ ದೃಷ್ಟಾಂತಕ್ಕೆ ಒಂದು ಲಕ್ಷಣ ಹೇಳಿದೆ. ಸಾಮಾನ್ಯ ಜನ ಮತ್ತು ಪರೀಕ್ಷಕರು, ಈ ಇಬ್ಬರ ತಿಳಿವಳಿಕೆಯೂ ಯಾವ ವಿಷಯದಲ್ಲಿ ಒಂದೇ ಆಗಿರುತ್ತದೋ ಅದು ದೃಷ್ಟಾಂತ. ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ, ಅಡುಗೆಮನೆಯಲ್ಲಿ ಇರುವಂತೆ. ಇಲ್ಲಿ ಅಡುಗೆಮನೆ ದೃಷ್ಟಾಂತ. ಬೆಟ್ಟದ ಬಗ್ಗೆ ವಾದ ಇರಬಹುದು, ಅಡುಗೆಮನೆಯ ಬಗ್ಗೆ ಯಾರಿಗೂ ವಾದವಿಲ್ಲ. ತರ್ಕ ಓದಿದವನೂ ಓದದವನೂ ಅಲ್ಲಿ ಹೊಗೆ ಬೆಂಕಿ ಎರಡನ್ನೂ ಕಣ್ಣಾರೆ ಕಂಡಿರುತ್ತಾರೆ. ಹಾಗಿದ್ದರೆ ಮಾತ್ರ ಅದರ ಮೇಲೆ ನಿಂತು ಬೆಟ್ಟದ ಕಡೆ ಬೆರಳು ತೋರಿಸಬಹುದು.

ನನ್ನ ಕೈಪಿಡಿಯ ಉದಾಹರಣೆಯಲ್ಲಿ ಈ ಸಮ ಇರಲಿಲ್ಲ. ಸಾಮಾನ್ಯಳು ಓಡಿಸಿ ನೋಡಿದ್ದಳು, ಪರೀಕ್ಷಕನಾಗಬೇಕಾದ ನಾನು ನೋಡಿರಲಿಲ್ಲ. ಉದಾಹರಣೆ ಕೊಡುವವನಿಗೆ ವಿಷಯ ಮೊದಲೇ ಗೊತ್ತು, ಆದ್ದರಿಂದ ಅವನು ತನ್ನ ಉದಾಹರಣೆಯನ್ನು ತಾನು ಓದುವುದಿಲ್ಲ. ಅದನ್ನು ನಂಬಿ ನಡೆಯುವವರು ಅನುಮಾನಿಸುವ ಶಕ್ತಿ ಇನ್ನೂ ಬಾರದವರು. ನ್ಯಾಯದವರ ಇನ್ನೊಂದು ಮಾತು ಇಲ್ಲಿ ಚುಚ್ಚುತ್ತದೆ. ನಂಬತಕ್ಕವನು, ಅಂದರೆ ಆಪ್ತ, ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣದಲ್ಲಿ ಎರಡು ಅಂಶಗಳಿವೆ: ವಿಷಯವನ್ನು ಸಾಕ್ಷಾತ್ತಾಗಿ ಕಂಡಿರಬೇಕು, ಕಂಡದ್ದನ್ನು ಕಂಡಹಾಗೆ ತಿಳಿಸುವ ಇಚ್ಛೆ ಇರಬೇಕು. ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಈ ಲಕ್ಷಣ ಎಲ್ಲರಿಗೂ ಸಮಾನ ಎಂದೂ ಆತ ಸೇರಿಸುತ್ತಾನೆ. ತಿಳಿಸುವ ಇಚ್ಛೆ ನನಗೆ ಬೇಕಾದಷ್ಟಿತ್ತು. ಕಂಡಿರಲಿಲ್ಲ.

ಅಂದೇ ಸಂಜೆ ಕೈಪಿಡಿಗೆ ಡಾಕ್‌ಟೆಸ್ಟ್ ಕೂಡಿಸಿದೆ. ಹನ್ನೊಂದು ಉದಾಹರಣೆಗಳಲ್ಲಿ ಒಂದು ಸೋತಿತು, ಅವಳು ಹೇಳಿದ್ದೇ. ಮಾತ್ರೆಯ ಉದಾಹರಣೆ, ಕನ್ನಡಕ್ಕೆ 4 ಎನ್ನುವುದು, ಗೆದ್ದಿತು. ಅಕ್ಕ, ಹಬ್ಬ, ಮಲ್ಲಿಗೆ ಎಲ್ಲವೂ ಗೆದ್ದವು. ನನಗೆ ಸಮಾಧಾನವಾಯಿತು. ಎಣಿಕೆಯ ಕೇಂದ್ರವಾದ ಮಾತ್ರೆ ಸರಿ ಇದೆಯಲ್ಲ, ಅಕ್ಷರಸಂಖ್ಯೆಯ ಬಗ್ಗೆ ಹೇಗೂ ಬೇರೆ ಬೇರೆ ಲೆಕ್ಕಗಳಿವೆ ಎಂದುಕೊಂಡೆ. ಅದು ಪೂರಾ ಸುಳ್ಳೂ ಅಲ್ಲ. ಕನ್ನಡ ಎಂಬ ಪದ ನಮ್ಮ ಕಿವಿಗೆ ಮೂರು ಅಕ್ಷರ, ಛಂದಸ್ಸಿಗೆ ನಾಲ್ಕು ಮಾತ್ರೆ, ಯೂನಿಕೋಡಿಗೆ ಐದು ಸಂಕೇತ, ಯುಟಿಎಫ್-8ರಲ್ಲಿ ಉಳಿಸಿಟ್ಟರೆ ಹದಿನೈದು ಬೈಟು. ಪೈಥಾನನ್ನೇ ಅದರ ಉದ್ದ ಕೇಳಿದರೆ 5 ಎನ್ನುತ್ತದೆ. ನಾಲ್ಕೂ ನಿಜವೇ. ಅಂಥಲ್ಲಿ ಇನ್ನೊಂದು ಲೆಕ್ಕ ಇರಲಿ ಎಂದು ಕೈಪಿಡಿಯ 3ನ್ನು ಅಳಿಸಿ ಯಂತ್ರ ಕೊಟ್ಟ 4ನ್ನು ಅಂಟಿಸಿದೆ. ಮತ್ತೆ ಓಡಿಸಿದೆ. ಮೌನ. ಹನ್ನೊಂದಕ್ಕೆ ಹನ್ನೊಂದು.

ಅವಳಿಗೆ ಫೋನು ಮಾಡಿ, ನಿನ್ನದೇನೂ ತಪ್ಪಿಲ್ಲ, ಕೈಪಿಡಿ ಹಳೆಯದಾಗಿತ್ತು, ಈಗ ಎಲ್ಲ ಪರೀಕ್ಷೆ ಮಾಡಿದ್ದೇನೆ ಎಂದೆ. ಈ ಪ್ರಬಂಧ ಬರೆಯಲು ಕಾರಣ ಆ ಕೊನೆಯ ಮಾತು. ಮೊದಲಿನ ತಪ್ಪಿಗೆ ಅಜಾಗರೂಕತೆ ಎಂದು ಹೆಸರಿಡಬಹುದು. ಇದಕ್ಕೆ ಏನು ಹೆಸರಿಡಬೇಕೋ ನನಗೆ ಈಗಲೂ ಪೂರ್ತಿ ತಿಳಿದಿಲ್ಲ.

ಏಳೆಂಟು ತಿಂಗಳ ನಂತರ ಅವಳು ತನ್ನ ಒಂದು ಅಧ್ಯಾಯ ಓದಲು ಕೊಟ್ಟಳು. ಒಬ್ಬ ಮಧ್ಯಕಾಲೀನ ಕವಿಯ ಕಂದಪದ್ಯಗಳ ಬಗ್ಗೆ. ಕಂದದಲ್ಲಿ ಒಂದನೆಯ ಮತ್ತು ಮೂರನೆಯ ಸಾಲಿಗೆ ಹನ್ನೆರಡು, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಇಪ್ಪತ್ತು, ಒಟ್ಟು ಅರವತ್ತನಾಲ್ಕು ಮಾತ್ರೆ. ಸಂಸ್ಕೃತ ಪದಗಳು ಹೆಚ್ಚಿರುವ ಪದ್ಯಗಳಲ್ಲಿ ಈ ಲೆಕ್ಕ ಮೀರುತ್ತದೆ, ಅರವತ್ತಾರು, ಅರವತ್ತೆಂಟು ಬರುತ್ತದೆ, ದೇಸಿ ಪದಗಳ ಪದ್ಯಗಳಲ್ಲಿ ಬಹುಮಟ್ಟಿಗೆ ಸರಿಯಾಗಿರುತ್ತದೆ ಎಂದು ಅವಳು ಕೋಷ್ಟಕ ಹಾಕಿ ತೋರಿಸಿದ್ದಳು. ಅದರಿಂದ ಈ ಕವಿಗೆ ಸಂಸ್ಕೃತ ಪದಗಳನ್ನು ಕನ್ನಡ ಛಂದಸ್ಸಿಗೆ ಹೊಂದಿಸುವ ಹಿಡಿತ ಸಾಲದು ಎಂಬ ತೀರ್ಮಾನಕ್ಕೂ ಬಂದಿದ್ದಳು. ಓದುತ್ತಾ ಹೋದಂತೆ ನನ್ನ ಕೈ ತಣ್ಣಗಾಯಿತು. ಪೆನ್ಸಿಲು ತೆಗೆದುಕೊಂಡು ಒಂದು ಪದ್ಯಕ್ಕೆ ಪ್ರಸ್ತಾರ ಹಾಕಿದೆ. ಸರಿಯಾಗಿ ಅರವತ್ತನಾಲ್ಕು.

ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕನ್ನಡ ಎಂಬಲ್ಲಿ ಕ ಗುರು, ಯಾಕೆಂದರೆ ಮುಂದೆ ಒತ್ತಕ್ಷರ ಇದೆ. ಎರಡು, ಒಂದು, ಒಂದು: ಒಟ್ಟು ನಾಲ್ಕು. ಲೈಬ್ರರಿ ಬಿಡಿಸಿದ ರೀತಿಯಲ್ಲಿ ಒತ್ತಕ್ಷರವೇ ಉಳಿದಿರಲಿಲ್ಲ, ಹಾಗಾಗಿ ಒತ್ತಕ್ಷರದ ಹಿಂದಿನದು ಗುರು ಎಂಬ ನನ್ನ ನಿಯಮಕ್ಕೆ ಕೆಲಸವೇ ಇರಲಿಲ್ಲ. ಕ, ನ್, ನ, ಡ, ನಾಲ್ಕೂ ಲಘು: ಒಟ್ಟು ನಾಲ್ಕು! ಕ ಕಳೆದುಕೊಂಡ ಮಾತ್ರೆಯನ್ನು ಅರ್ಧಾಕ್ಷರ ನ್ ತುಂಬಿಕೊಟ್ಟಿತ್ತು. ಅಕ್ಕ, ಹಬ್ಬ, ಮಲ್ಲಿಗೆ ಎಲ್ಲದರಲ್ಲೂ ಹೀಗೇ. ಹ್ರಸ್ವದ ಮುಂದೆ ಒಂದೇ ಒತ್ತು ಬಂದಾಗಲೆಲ್ಲ ಎರಡು ತಪ್ಪುಗಳು ಒಂದನ್ನೊಂದು ತಿಂದು ಸರಿಯುತ್ತರ ಕೊಡುತ್ತಿದ್ದವು. ದೀರ್ಘದ ಮುಂದೆ ಒತ್ತು ಬಂದರೆ ಬಣ್ಣ ಬಯಲು. ಕೀರ್ತಿ ಮೂರು ಮಾತ್ರೆ, ನನ್ನ ಯಂತ್ರ ನಾಲ್ಕು ಎನ್ನುತ್ತಿತ್ತು. ಶಾಸ್ತ್ರ ಮೂರು, ಯಂತ್ರ ಐದು ಎನ್ನುತ್ತಿತ್ತು. ಸಂಸ್ಕೃತ ಪದಗಳಲ್ಲಿ ಇಂಥವು ಹೆಚ್ಚು. ಕವಿಯ ಹಿಡಿತ ಚೆನ್ನಾಗಿಯೇ ಇತ್ತು, ನನ್ನದು ಸಡಿಲವಾಗಿತ್ತು.

ಹಳೆಯ ತಾರ್ಕಿಕರು ಚರ್ಚಿಸುವ ಒಂದು ಪ್ರಸಂಗ ಇದೆ. ಒಬ್ಬ ದೂರದಿಂದ ಮಂಜನ್ನೋ ಧೂಳನ್ನೋ ಕಂಡು ಹೊಗೆ ಎಂದು ತಿಳಿಯುತ್ತಾನೆ, ಅಲ್ಲಿ ಬೆಂಕಿ ಇದೆ ಎಂದು ಊಹಿಸುತ್ತಾನೆ, ಹೋಗಿ ನೋಡಿದರೆ ಅಲ್ಲಿ ನಿಜವಾಗಿಯೂ ಬೆಂಕಿ ಇರುತ್ತದೆ. ಅವನಿಗೆ ಬೆಂಕಿ ಇದೆ ಎಂದು ಗೊತ್ತಿತ್ತೆ? ಉತ್ತರ ಸರಿ, ದಾರಿ ತಪ್ಪು. ಎಂ.ಎ. ತರಗತಿಯಲ್ಲಿ ಇದನ್ನು ಕೇಳಿದಾಗ ಪಂಡಿತರ ಕಸರತ್ತು ಅನ್ನಿಸಿತ್ತು. ನಮ್ಮ ಸೀಮೆಯಲ್ಲಿ ಕ್ವಾರಿಯ ಧೂಳೂ ಚಿಮಣಿಯ ಹೊಗೆಯೂ ದಿನವೂ ಒಟ್ಟಿಗೇ ಕಾಣುತ್ತವೆ, ಆದರೂ ನನಗೆ ಅದರ ಅರ್ಥ ಹೊಳೆದದ್ದು ಈ ನಾಲ್ಕು ಮಾತ್ರೆಯ ಮುಂದೆ ಕೂತಾಗ. ನನ್ನ ಹತ್ತು ಉದಾಹರಣೆಗಳೂ ಧೂಳು ನೋಡಿ ಬೆಂಕಿ ಎಂದಿದ್ದವು.

ಬೆಂಕಿ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ ಒಂದೇ ಒಂದು ಉದಾಹರಣೆ ಇತ್ತು, ಅಕ್ಷರಸಂಖ್ಯೆಯದು. ಅದರ ಬಾಯಿಯನ್ನು ನಾನೇ ಮುಚ್ಚಿದ್ದೆ.

ನಮ್ಮ ಕಾಕಾ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಕೋಡ್ಲಾ, ಸೇಡಂ, ಮಳಖೇಡ, ವಾಡಿ, ಎಲ್ಲಿ ನೋಡಿದರೂ ಸಿಮೆಂಟೇ ಆಗಿರುವ ನಮ್ಮ ಕಡೆ ಮನೆಗೊಬ್ಬರಾದರೂ ಆ ಕೆಲಸದಲ್ಲಿ ಸಿಗುತ್ತಾರೆ. ಕಾಕಾನ ಕೆಲಸ ಒಡೆಯುವುದು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಪ್ರಮಾಣಿತ ಮರಳು ಕಲಸಿ, ಬದಿ 70.6 ಮಿಲಿಮೀಟರ್ ಇರುವ ಸಣ್ಣ ಘನಗಳನ್ನು ಎರಕ ಹೊಯ್ಯುತ್ತಾರೆ. ಆ ಮರಳು ಬರುವುದು ತಮಿಳುನಾಡಿನ ಎಣ್ಣೂರಿನಿಂದ. ಪಕ್ಕದಲ್ಲೇ ಕಾಗಿಣಾ ಹೊಳೆ ಇದ್ದರೂ ಅದರ ಮರಳು ನಡೆಯುವುದಿಲ್ಲ, ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. ಘನಗಳನ್ನು ನೀರಿನಲ್ಲಿ ಮುಳುಗಿಸಿಟ್ಟು 3, 7 ಮತ್ತು 28ನೆಯ ದಿನ ಯಂತ್ರದಲ್ಲಿ ಇಟ್ಟು ಒಡೆಯುತ್ತಾರೆ. ಚೀಲದ ಮೇಲೆ 53 ಎಂದಿದ್ದರೆ ಕ್ರಮವಾಗಿ ಕನಿಷ್ಠ 27, 37, 53 ಮೆಗಾಪಾಸ್ಕಲ್ ಒತ್ತಡ ತಡೆಯಬೇಕು.

ಅಧ್ಯಾಯ ಓದಿದ ಮೇಲೆ ದೀಪಾವಳಿಗೆ ಊರಿಗೆ ಹೋದಾಗ ನನ್ನ ಕತೆ ಅವರಿಗೆ ಹೇಳಿದೆ. ಮಾತ್ರೆ, ಗಣ ಅವರಿಗೆ ಬೇಕಿರಲಿಲ್ಲ. 3 ಅಳಿಸಿ 4 ಅಂಟಿಸಿದೆ ಎಂಬಲ್ಲಿ ತಡೆದರು.

"ಅಂದ್ರ ಯಂತ್ರ ಏನಂತದ ನೋಡಿ, ಆಮ್ಯಾಲ ಚೀಲದ ಮ್ಯಾಲ ನಂಬರ್ ಬರ್ದಿ?"

"ಹೌದು ಕಾಕಾ."

"ಮತ್ತ ಗೌಂಡಿಗಿ ಏನಂತ ಹೇಳ್ದಿ, ಟೆಸ್ಟ್ ಆಗ್ಯದ ಅಂತ?"

ಉತ್ತರ ಕೊಡಲಿಲ್ಲ. ಅವರು ಮುಂದೆ ಕೇಳಲೂ ಇಲ್ಲ, ಚಹಾ ತರಲು ಹೇಳಿದರು.

ಕಾಕಾನ ಲ್ಯಾಬಿಗೂ ನನ್ನ ಲ್ಯಾಪ್‌ಟಾಪಿಗೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ಸಂಖ್ಯೆ ಮೊದಲು, ಒಡೆಯುವುದು ಆಮೇಲೆ. ಸಂಖ್ಯೆ ಯಂತ್ರದಿಂದ ಬಂದದ್ದಲ್ಲ, ಆದ್ದರಿಂದಲೇ ಯಂತ್ರದ ಮುಂದೆ ನಿಲ್ಲಬಲ್ಲದು. ನಾನು ಆರೋಪಿಯನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದ್ದೆ. ಇದರಲ್ಲಿ ಉಪಕರಣದ ಪಾಲೂ ಸ್ವಲ್ಪ ಇದೆ. ಪೈಥಾನಿನೊಡನೆ ಮಾತಾಡುತ್ತಾ ಬಂದ ಪ್ರಶ್ನೋತ್ತರವನ್ನು ಹಾಗೇ ನಕಲು ಮಾಡಿ ಕೈಪಿಡಿಯಲ್ಲಿ ಅಂಟಿಸಿದರೆ ಸಾಕು, ಬೇರೆ ಏನೂ ಕಲಿಯಬೇಕಿಲ್ಲ ಎಂಬುದೇ ಡಾಕ್‌ಟೆಸ್ಟ್‌ನ ಆಕರ್ಷಣೆ. ಅದು ಕೊಡುವ ಭರವಸೆ ಎಂದರೆ ನಿನ್ನೆ ಬಂದ ಉತ್ತರವೇ ಇಂದೂ ಬರುತ್ತದೆ ಎಂಬುದು. ನಿನ್ನೆಯ ಉತ್ತರ ಸರಿ ಎಂದು ಅದು ಯಾವತ್ತೂ ಹೇಳಿಲ್ಲ. ಹಾಗೆ ಕೇಳಿಸಿಕೊಂಡವನು ನಾನು.

ಅಂಟಿಸುವ ಚಟ ಬೆಳೆಯುವುದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ಪರೀಕ್ಷೆ ಕೆಲವೊಮ್ಮೆ ಸುಮ್ಮನೆ ಕೂಗುತ್ತದೆ. 2018ರ ಆರಂಭದಲ್ಲಿ ನಂಪೈ ಎಂಬ ಗಣಿತದ ಲೈಬ್ರರಿಯ 1.14ನೆಯ ಆವೃತ್ತಿ ಬಂದಾಗ ಸಂಖ್ಯೆಗಳನ್ನು ತೆರೆಯ ಮೇಲೆ ಮೂಡಿಸುವ ರೀತಿ ಬದಲಾಯಿತು, ನಡುವಿನ ಖಾಲಿ ಜಾಗ ಸಹಿತ. ಗಣಿತ ಅದೇ, ಉತ್ತರ ಅದೇ, ಆದರೂ ಅದನ್ನು ಬಳಸುವ ಬೇರೆ ಬೇರೆ ಯೋಜನೆಗಳ ಕೈಪಿಡಿಯ ಉದಾಹರಣೆಗಳು ಸೋಲತೊಡಗಿದವು. ಹಳೆಯ ರೀತಿಯಲ್ಲೇ ಮೂಡಿಸು ಎಂದು ಹೇಳಲು ಒಂದು ಆಯ್ಕೆಯನ್ನೂ ಅವರೇ ಕೊಡಬೇಕಾಯಿತು. ಹೀಗೆ ಹತ್ತು ಸಲ ಸುಳ್ಳು ಕೂಗು ಕೇಳಿದವನು ಹನ್ನೊಂದನೆಯ ಸಲ ಕಾರಣ ನೋಡುವುದಿಲ್ಲ, ಬಂದ ಉತ್ತರ ಅಂಟಿಸಿ ಮುಂದೆ ಹೋಗುತ್ತಾನೆ. ಇದಕ್ಕಿಂತ ಓಡಿಸಬೇಡ ಎಂದು ಗುರುತು ಹಾಕಿ ಬಿಡುವುದು ಮೇಲು. ಡಾಕ್‌ಟೆಸ್ಟ್‌ನಲ್ಲಿ ಅದಕ್ಕೆ ಅವಕಾಶ ಇದೆ. ಪರೀಕ್ಷಿಸಿಲ್ಲ ಎಂದು ಬರೆದಿಟ್ಟಿದ್ದು ಕನಿಷ್ಠ ಪಕ್ಷ ಓದುವವರಿಗೆ ಎಚ್ಚರ ಕೊಡುತ್ತದೆ.

ಇಷ್ಟಾಗಿಯೂ, ಉದಾಹರಣೆಯ ಈ ಹೊಣೆ ಕಂಪ್ಯೂಟರ್ ತಂದ ಹೊಸ ಹೊಣೆಯೇನಲ್ಲ. ಕಾವ್ಯದ ಲಕ್ಷಣ ಹೇಳಿ ಲಕ್ಷ್ಯ ಕೊಡುವ ಕನ್ನಡದ ಪದ್ಧತಿ ನಮ್ಮ ಸೇಡಂ ಸೀಮೆಯ ಮಳಖೇಡದಲ್ಲೇ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಷ್ಟು ಹಳೆಯದು. ಆದರೆ ನನಗೆ ಅಚ್ಚರಿಯಾಗುವುದು ಹತ್ತನೆಯ ಶತಮಾನದ ಕೊನೆಯ ನಾಗವರ್ಮನ ಛಂದೋಂಬುಧಿ. ತನ್ನ ಹೆಂಡತಿಯನ್ನು ಉದ್ದೇಶಿಸಿ ಆತ ಅದನ್ನು ಹೇಳುತ್ತಾನೆ. ವೃತ್ತಗಳ ಲಕ್ಷಣ ಹೇಳುವಾಗ ಆ ಲಕ್ಷಣವನ್ನು ಅದೇ ವೃತ್ತದಲ್ಲಿ ಹೇಳುತ್ತಾನೆ. ಉತ್ಪಲಮಾಲೆಗೆ ಇಂಥಿಂಥ ಗಣ ಎಂದು ಹೇಳುವ ಪದ್ಯವೇ ಉತ್ಪಲಮಾಲೆ. ನಿಯಮ ಬೇರೆ, ಉದಾಹರಣೆ ಬೇರೆ ಎಂದಿಲ್ಲ, ಆದ್ದರಿಂದ ಒಂದು ಬದಲಾಗಿ ಇನ್ನೊಂದು ಹಿಂದೆ ಉಳಿಯುವ ಪ್ರಶ್ನೆಯೇ ಇಲ್ಲ. ನಕಲು ಮಾಡುವವನು ಒಂದಕ್ಷರ ಬಿಟ್ಟರೆ ಪದ್ಯ ತಾನು ಹೇಳಿದ ನಿಯಮವನ್ನು ತಾನೇ ಮುರಿಯುತ್ತದೆ, ಓದುವವರ ಕಿವಿಗೆ ಕೂಡಲೇ ಕುಂಟುತ್ತದೆ. ಸಾವಿರ ವರ್ಷ ತಾಳೆಗರಿಯಿಂದ ತಾಳೆಗರಿಗೆ ಹೋಗಬೇಕಾದ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ಇರಲಾರದು.

ನೃಪತುಂಗನ ಕಾಲದ ಇನ್ನೊಬ್ಬ ಮಹಾವೀರಾಚಾರ್ಯ. ಆತನ ಗಣಿತಸಾರಸಂಗ್ರಹ ರಾಜನ ಸ್ತುತಿಯನ್ನು ಮುಂದಿಟ್ಟುಕೊಂಡು ಶುರುವಾಗುತ್ತದೆ. ಸೂತ್ರ ಹೇಳಿ ಅದರ ಬೆನ್ನಿಗೇ ಲೆಕ್ಕ ಕೊಡುವ ಪುಸ್ತಕ ಅದು. 142857143ನ್ನು 7ರಿಂದ ಗುಣಿಸು, ರಾಜನ ಕಂಠಿಕೆ ಸಿಗುತ್ತದೆ ಎನ್ನುತ್ತಾನೆ. ಗುಣಿಸಿದರೆ 1000000001, ಎರಡು ತುದಿಗೆ ಒಂದೊಂದು ಮಣಿ, ನಡುವೆ ಎಂಟು ಸೊನ್ನೆಯ ಸರ. ಪಡೆದವರು ತಾವೇ ಗುಣಿಸಿ ನೋಡಬಹುದಾದ ಉಡುಗೊರೆ. ಅದೇ ಮಹಾವೀರಾಚಾರ್ಯ ಸೊನ್ನೆಯ ಬಗ್ಗೆ ಹೇಳುವಾಗ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಿಲ್ಲುವುದಿಲ್ಲ. ಐದನ್ನು ಸೊನ್ನೆಯಿಂದ ಭಾಗಿಸಿ ಐದು ಬಂದರೆ, ತಿರುಗಿ ಸೊನ್ನೆಯಿಂದ ಗುಣಿಸಿದಾಗ ಐದೇ ಸಿಗಬೇಕು, ಸಿಗುವುದು ಸೊನ್ನೆ. ಪೈಥಾನನ್ನು ಕೇಳಿದರೆ ಉತ್ತರ ಕೊಡದೆ ದೋಷ ಎಂದು ನಿಂತುಬಿಡುತ್ತದೆ. ಆತನ ಮೇಲೆ ನಗಲು ಇದನ್ನು ಹೇಳುತ್ತಿಲ್ಲ, ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಗಮನಿಸಿದ ಸೂಕ್ಷ್ಮಮತಿ ಆತ. ಅಂಥವನ ಮಾತಿನಲ್ಲೂ ತಿರುಗಿಸಿ ನೋಡದ ಒಂದು ಮೂಲೆ ಉಳಿಯುತ್ತದೆ ಎಂಬುದು ನನಗೆ ಸಮಾಧಾನವೋ ಹೆದರಿಕೆಯೋ ಗೊತ್ತಾಗುವುದಿಲ್ಲ.

ಅವಳಿಗೆ ನಾನು ಹೇಳಲೇಬೇಕಿತ್ತು. ವಿಭಾಗದ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು, ಉಗಾದಿಯ ಸಂಜೆ 3 ಅಳಿಸಿ 4 ಅಂಟಿಸಿದ್ದನ್ನೂ ಬಿಡದೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಆಗಿದ್ದರೆ ಸುಲಭವಿತ್ತು. ಬಹಳ ಹೊತ್ತಿನ ಮೇಲೆ, "ಅಂದ್ರ ಅವತ್ತ ನಾ ಹೇಳಿದ್ದೇ ಖರೆ ಇತ್ತಲ್ಲಣ್ಣ" ಎಂದಳು. ಹೌದು ಎಂದೆ. "ಕವೀಂದು ತಪ್ಪಿಲ್ಲ, ನಂದೂ ತಪ್ಪಿಲ್ಲ" ಎಂದು ಎದ್ದು ಹೋದಳು. ಆ ಅಧ್ಯಾಯ ಮತ್ತೆ ಬರೆಯಲು ಅವಳಿಗೆ ಒಂದು ಸೆಮಿಸ್ಟರ್ ಹಿಡಿಯಿತು. ಆ ಸಮಯವನ್ನು ನಾನು ಯಾವ ಲೆಕ್ಕದಲ್ಲಿ ತುಂಬಿಕೊಡಬಹುದೋ ತಿಳಿಯದು.

ಒಂದು ವಾರದ ಮೇಲೆ ಅವಳಿಂದ ಒಂದು ಹಾಳೆಯ ಫೋಟೋ ಬಂತು. ಹನ್ನೆರಡು ಪದಗಳು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಹಾಕಿದ ಲಘು ಗುರು, ಪಕ್ಕದಲ್ಲಿ ಮಾತ್ರೆ. ಶಾಸ್ತ್ರ, ಕೀರ್ತಿ, ವಸ್ತ್ರ, ಶ್ರೀ... ಅವಳು ಯಂತ್ರ ಮುಟ್ಟದೆ, ಬೆರಳು ಮಡಿಸಿ ಎಣಿಸಿದವು. ನಾನು ಲೈಬ್ರರಿ ತೆಗೆದು ಹಳೆಯ ನಿಧಾನದ ನಿಯಮವನ್ನೇ ಮತ್ತೆ ಹಾಕಿದ್ದೆ. ಅವಳ ಉತ್ತರಗಳನ್ನು ಕೈಪಿಡಿಯಲ್ಲಿ ಬರೆದು ಮುಗಿಸಿದ ಮೇಲಷ್ಟೇ ಓಡಿಸಿದೆ. ಹನ್ನೊಂದು ಗೆದ್ದವು.

ಸೋತದ್ದು ಅಮರ್ದು ಎಂಬ ಪದ. ನನ್ನ ಯಂತ್ರ ಒತ್ತಕ್ಷರ ಕಂಡದ್ದೇ ಮ ಗುರು ಎಂದು ನಾಲ್ಕು ಮಾತ್ರೆ ಎಣಿಸುತ್ತದೆ. ಅವಳು ಮೂರು ಎಂದು ಬರೆದಿದ್ದಾಳೆ. ಹಳಗನ್ನಡದಲ್ಲಿ ಕೆಲವು ಒತ್ತುಗಳನ್ನು ತೇಲಿಸಿ ಉಚ್ಚರಿಸುತ್ತಾರೆ, ಆಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಶಿಥಿಲದ್ವಿತ್ವ ಎಂದು ಅದಕ್ಕೆ ವ್ಯಾಕರಣಕಾರರು ಹೆಸರಿಟ್ಟಿದ್ದಾರೆ. ಎಲ್ಲಿ ಶಿಥಿಲ, ಎಲ್ಲಿ ಅಲ್ಲ ಎಂಬುದನ್ನು ಪದ್ಯ ಓದಿ ನೋಡಿಯೇ ಹೇಳಬೇಕು, ಪದವೊಂದನ್ನೇ ಕೊಟ್ಟರೆ ಯಂತ್ರಕ್ಕೆ ತಿಳಿಯುವುದಿಲ್ಲ. ಅದನ್ನು ಹೇಗೆ ಕಲಿಸಬೇಕೆಂದು ನಾವಿಬ್ಬರೂ ಇನ್ನೂ ಜಗಳವಾಡುತ್ತಿದ್ದೇವೆ. ಅಲ್ಲಿಯವರೆಗೆ ಪ್ರೋಗ್ರಾಮನ್ನು ಯಾರು ಓಡಿಸಿದರೂ ಹನ್ನೆರಡರಲ್ಲಿ ಒಂದು ಸೋತಿದೆ ಎಂದು ಬರುತ್ತದೆ. ಕೆಳಗೆ, ಹೇಳಿದ್ದು 3, ಬಂದದ್ದು 4. ಆ 3ನ್ನು ನಾನು ಮುಟ್ಟಿಲ್ಲ.